ಹೊಟ್ಟೆಯ ಮೇಲಿನ ಪೇಪರ್

ನಮ್ಮ ಮನೆಯಲ್ಲಿ ಸಂಜೆ ಒಂದು ಇಂಗ್ಲಿಷ್ ಕ್ರಿಯಾಪದ ಒಪ್ಪಿಸದೆ ನನಗೆ ರೊಟ್ಟಿ ಸಿಗುತ್ತಿರಲಿಲ್ಲ. ಇದು ಅಪ್ಪ ಮಾಡಿದ ಕಾನೂನು. ಬೇರೆ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಶ್ಲೋಕ ಹೇಳಿಸುತ್ತಿದ್ದರು, ನಮ್ಮಲ್ಲಿ ದೀಪ ಹಚ್ಚಿ ಕ್ರಿಯಾಪದ ಕೇಳುತ್ತಿದ್ದರು. ನನಗೋ ಹಸಿವಿನ ಜೊತೆಗೆ ಸಿಟ್ಟೂ ಬರುತ್ತಿತ್ತು.

ನಾವು ಗದಗಿನ ಕಡೆಯವರು. ಅಪ್ಪನಿಗೆ ಯಶವಂತಪುರದ ಆಚೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿದಾಗ ಬಂದು ಮತ್ತಿಕೆರೆಯ ಒಂದು ಗಲ್ಲಿಯಲ್ಲಿ ಬಾಡಿಗೆಗೆ ನಿಂತೆವು. ಅಪ್ಪ, ಅವ್ವ, ನಾನು ಮೂರೇ ಜನ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಿ.ಎ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೆ. ಇಂಗ್ಲಿಷ್ ಪೇಪರಿನಲ್ಲಿ ನಾನು ಮುಗ್ಗರಿಸುತ್ತೇನೆ ಎಂದು ಅಪ್ಪನಿಗೆ ಭಯ. ಅವನು ತಾನೇ ನಿಘಂಟು ಹಿಡಿದು ಕಲಿತವನು. ಆ ನಿಘಂಟಿನ ಬೆನ್ನು ಮುರಿದಿತ್ತು, ಅದನ್ನು ರವಿಕೆ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದ. ಕಾರ್ಖಾನೆಯ ಸಾಹೇಬರು ಓದಿ ಬಿಟ್ಟ ಇಂಗ್ಲಿಷ್ ಪೇಪರನ್ನು ಸಂಜೆ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಕೈಕಾಲು ತೊಳೆದು, ಚಹಾ ಕುಡಿದು, ಒಂದು ಬೀಡಿ ಸೇದಿ, ಚಾಪೆಯ ಮೇಲೆ ಅಂಗಾತ ಮಲಗಿ ಓದುತ್ತಿದ್ದ. ಬೆನ್ನು ನೋವು ಅನ್ನುತ್ತಿದ್ದ. ಸ್ಟೋರ್ಸಿನಲ್ಲಿ ಪೆಟ್ಟಿಗೆ ಎತ್ತುವವರಿಗೆಲ್ಲ ಬೆನ್ನು ನೋವು ಇರುತ್ತದೆ ಎಂದು ನಾವು ನಂಬಿದ್ದೆವು.

ಒಂದು ಕ್ರಿಯಾಪದಕ್ಕೆ ಎರಡು ವಾಕ್ಯ ಹೇಳಬೇಕು. ಮೊದಲನೆಯದು ಕೈಗೆ ಸಿಗುವ ವಸ್ತುವಿನದು. ಎರಡನೆಯದು ಕೈಗೆ ಸಿಗದ್ದರದು. ಅಪ್ಪ ಅವಕ್ಕೆ ಮೈಯ ವಾಕ್ಯ, ಮನಸ್ಸಿನ ವಾಕ್ಯ ಎಂದು ಹೆಸರಿಟ್ಟಿದ್ದ. ಗೈಡಿನಿಂದ ಕದ್ದು ಹೇಳುವ ಹಾಗಿಲ್ಲ. ಎರಡೂ ನಮ್ಮ ಬದುಕಿನಿಂದಲೇ ಬರಬೇಕು. ನಾನು ಹೇಳಿದ ಮೇಲೆ ಅವನೂ ಎರಡು ಹೇಳುತ್ತಿದ್ದ, ಮಾದರಿಗೆ. ಕಾರ್ಖಾನೆಯ ಮೇಲಿನವರ ಮೇಲೆ ಅವನಿಗಿದ್ದ ಕೋಪವೆಲ್ಲ ಈ ಮಾದರಿ ವಾಕ್ಯಗಳಲ್ಲಿ ಹೊರಗೆ ಬೀಳುತ್ತಿತ್ತು.

ಅವ್ವ ಪರದೆಯ ಆಚೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳು ಕನ್ನಡ ಶಾಲೆಯ ಮೂರನೇ ಇಯತ್ತೆಗೆ ಓದು ನಿಲ್ಲಿಸಿದವಳು. "ಮುಗೀತೇನ್ರಿ ನಿಮ್ಮ ಬ್ರಿಟಿಷರ ಕಚೇರಿ? ರೊಟ್ಟಿ ಆರಾಕತ್ತಾವು" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ನಮ್ಮ ವಾಕ್ಯಗಳೂ ಅವಳ ರೊಟ್ಟಿಯ ಪಟಪಟ ಸದ್ದೂ ಒಟ್ಟಿಗೆ ನಡೆಯುತ್ತಿದ್ದವು. ನಾವು ಅವಳನ್ನು ಒಳಗೆ ಕರೆಯಲಿಲ್ಲ, ಅವಳು ಬರಲೂ ಇಲ್ಲ.

ಆ ದಿನ ಮಧ್ಯಾಹ್ನ ಕಬ್ಬಿಣದ ಬೀರುವಿನ ಬಾಗಿಲಿಗೆ ನನ್ನ ತೋರುಬೆರಳು ಸಿಕ್ಕಿ ಉಗುರು ಕಪ್ಪಾಗಿತ್ತು. ಸಂಜೆಯ ಹೊತ್ತಿಗೆ ಬೆರಳು ಊದಿಕೊಂಡು ಸಿಡಿಯುತ್ತಿತ್ತು. ಇವತ್ತಾದರೂ ಕ್ರಿಯಾಪದಕ್ಕೆ ರಜೆ ಸಿಗುತ್ತದೆ ಎಂದುಕೊಂಡಿದ್ದೆ. ಅಪ್ಪ ಬೆರಳನ್ನು ನೋಡಿ, "ಪಟಾ ಪಟಾ ಬಡಿಯಾಕತ್ತೈತೇನು?" ಎಂದು ಕೇಳಿದ. ಹೂಂ ಅಂದೆ. "ಹಂಗಾದ್ರ ಇವತ್ತಿನ ಶಬ್ದ ಥ್ರಾಬ್" ಅಂದ.

ಆಮೇಲೆ ಅವನ ವಿವರಣೆ ಶುರುವಾಯಿತು. "ನೋಡವಾ, ನಮ್ಮಲ್ಲಿ ಗಾಯ ಸಿಡೀತೈತಿ, ನಾಡಿ ಮಿಡೀತೈತಿ, ಎದಿ ಬಡಕೊಳ್ತೈತಿ. ಅವರು ಎಲ್ಲಾಕ್ಕೂ ಇದೊಂದನ್ನ ಇಟ್ಕೊಂಡು ಕುಂತಾರ. ತಾಳ ಹಾಕಿದಂಗ ಒಂದ ಸಮ ಬಡೀಬೇಕು, ಅದು ಥ್ರಾಬ್."

ನನ್ನ ಮೈಯ ವಾಕ್ಯ ಸಿದ್ಧವಾಗಿಯೇ ಇತ್ತು, ಬೆರಳಿನ ತುದಿಯಲ್ಲಿ. ಅದನ್ನು ಹೇಳಿದೆ. ಮನಸ್ಸಿನ ವಾಕ್ಯಕ್ಕೆ, ಹಬ್ಬದ ಮುಂಚಿನ ದಿನ ಯಶವಂತಪುರದ ಸಂತೆ ಮಿಡಿಯುತ್ತದೆ ಎಂಬ ಅರ್ಥ ಬರುವಂತೆ ಏನೋ ಕೂಡಿಸಿದೆ. ಅಪ್ಪ ಅದು ಗೈಡಿನ ವಾಸನೆ ಹೊಡೆಯುತ್ತದೆ ಅಂದ. ಗೈಡಿನಲ್ಲಿ ಇದ್ದದ್ದು ಪಟ್ಟಣ, ನಾನು ಸಂತೆ ಮಾಡಿದ್ದೆ. ಅವನ ಮೂಗು ಅಷ್ಟು ಚುರುಕು.

"ಈಗ ನಂದು ಕೇಳು" ಅಂದ. ಆಮೇಲೆ ಒಂದೊಂದೇ ಶಬ್ದ ಬಿಡಿಸಿ ಹೇಳಿದ: "ದಿ ನ್ಯೂಸ್‌ಪೇಪರ್ ಥ್ರಾಬ್ಸ್ ಆನ್ ಮೈ ಸ್ಟಮಕ್."

ನಾನು ನಕ್ಕೆ. "ಅಪ್ಪಾ, ಇದು ಮನಸ್ಸಿನ ವಾಕ್ಯ ಆತು. ಮೈದು ಮೊದಲ ಹೇಳು."

"ಇದು ಮೈದ ಐತವಾ. ಬಂದು ನೋಡು."

ಅವನು ಚಾಪೆಯ ಮೇಲೆ ಅಂಗಾತ ಮಲಗಿದ. ಬನಿಯನ್ನನ್ನು ಮೇಲಕ್ಕೆ ಸರಿಸಿ, ನಾಲ್ಕು ಮಡಿಕೆ ಮಾಡಿದ ಪೇಪರನ್ನು ಹೊಕ್ಕುಳದ ಮೇಲೆ ಇಟ್ಟು ಕೈ ತೆಗೆದ. ಪೇಪರ್ ಎದ್ದಿತು, ಇಳಿಯಿತು. ಎದ್ದಿತು, ಇಳಿಯಿತು. ಉಸಿರಾಟಕ್ಕೆ ಏಳುತ್ತಿದೆ ಎಂದುಕೊಂಡೆ. ಅಪ್ಪ ಅದನ್ನು ತಿಳಿದವನಂತೆ ಉಸಿರು ಬಿಗಿಹಿಡಿದ. ಎದೆ ನಿಂತಿತು. ಪೇಪರ್ ನಿಲ್ಲಲಿಲ್ಲ. ಅದು ಒಂದೇ ಸಮ ಕುಣಿಯುತ್ತಿತ್ತು, ಕೆಳಗಿನಿಂದ ಯಾರೋ ಬೆರಳಿನಿಂದ ತಿವಿದ ಹಾಗೆ.

ನನ್ನ ಬಾಯಿಂದ ಏನೋ ಸದ್ದು ಬಂದಿರಬೇಕು. ಅಪ್ಪ ನಗುತ್ತಾ, "ಹೆಂಗೈತಿ? ನನಗ ಎರಡು ಹೃದಯ" ಅಂದ. ನಾನು ಪೇಪರನ್ನು ಎತ್ತಿ ಹಾಕಿ, ನೋಯುವ ಬೆರಳನ್ನು ಮರೆತು, ಅಂಗೈಯನ್ನು ಅಲ್ಲಿಟ್ಟೆ. ಚರ್ಮದ ಅಡಿಯಲ್ಲಿ ಏನೋ ಒಂದು ಗಡ್ಡೆಯಂಥದ್ದು ನನ್ನ ಕೈಯನ್ನು ಮೇಲಕ್ಕೆ ತಳ್ಳುತ್ತಿತ್ತು. ಅದಕ್ಕೆ ಬಲವಿತ್ತು. ಅಪ್ಪನ ಹೊಟ್ಟೆಯಲ್ಲಿ ಅಪ್ಪನಲ್ಲದ್ದು ಏನೋ ಕೂತಿದೆ ಎಂದು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡೆ.

"ಅವ್ವಾ" ಎಂದು ಕೂಗಿದೆ. "ಅಪ್ಪನ ಹೊಟ್ಟಿ ನೋಡು ಬಾ."

ಅವ್ವ ಬರಲಿಲ್ಲ. ಪರದೆಯ ಆಚೆಯಿಂದಲೇ, "ಬಟ್ಟಿ ಬಿದ್ದೈತಿ ತಗೋ. ಬಾಗಲಗುಂಟಿ ಅಜ್ಜಿಗೆ ಹೇಳಿ ಕಳಸ್ತೀನಿ" ಅಂದಳು. ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು. ಅದು ನನಗೆ ಆಮೇಲೆ ನೆನಪಾಯಿತು. ನನ್ನ ಕೂಗಿಗೆ ನಿಂತಿರಬೇಕು ಎಂದುಕೊಂಡೆ.

ಬಟ್ಟಿ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಕ್ಕುಳದ ನಟ್ಟ ನಡುವೆ ಒಂದು ಮಿಡಿತ ಇರುತ್ತದೆ, ಭಾರ ಎತ್ತಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆ ನೋವು, ಸೊಂಟ ನೋವು ಎಲ್ಲ ಶುರುವಾಗುತ್ತದೆ. ಬಲ್ಲವರು ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಹರಳೆಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಆ ಮಿಡಿತವನ್ನು ಹುಡುಕಿ ಒತ್ತಿ ಒತ್ತಿ ನಡುವಿಗೆ ತರುತ್ತಾರೆ. ನನಗೂ ಚಿಕ್ಕವಳಿದ್ದಾಗ ತಿಕ್ಕಿಸಿದ್ದರು. ಹಾಗಾಗಿ ಅವ್ವನ ಮಾತು ಕೇಳಿ ನನ್ನ ಅರ್ಧ ಭಯ ಇಳಿಯಿತು. ಹೆಸರಿದ್ದ ಕಾಯಿಲೆ ಅಷ್ಟು ಹೆದರಿಸುವುದಿಲ್ಲ. ಆ ಸಂಜೆ ಅಪ್ಪ ತನ್ನ ಎರಡನೇ ವಾಕ್ಯ ಹೇಳಲೇ ಇಲ್ಲ, ನಾನೂ ಕೇಳಲಿಲ್ಲ.

ಬಾಗಲಗುಂಟೆಯ ಅಜ್ಜಿ ನಮ್ಮ ಕಡೆಯವಳೇ, ಮಗನ ಜೊತೆ ಬಂದು ಅಲ್ಲಿ ನೆಲೆಸಿದ್ದಳು. ಮತ್ತಿಕೆರೆಯಿಂದ ದಾಸರಹಳ್ಳಿಯವರೆಗೆ ನಮ್ಮ ಕಡೆಯ ಮನೆಗಳಲ್ಲಿ ಯಾರಿಗೆ ಬಟ್ಟಿ ಬಿದ್ದರೂ ಅವಳೇ ಬರಬೇಕು. ಬಂದಳು, ಎಣ್ಣೆ ಹಚ್ಚಿದಳು, ಹೊಟ್ಟೆಯ ಮೇಲೆ ಬೆರಳಿಟ್ಟಳು. "ಅಯ್ಯ ಎಪ್ಪಾ, ಎಷ್ಟು ಮೊಂಡ ಐತಿ ಇದು" ಎಂದು ಮೊಣಕಾಲೂರಿ ಕೂತು ಒತ್ತಿದಳು. ಅಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮಲಗಿದ್ದ. ಹಣೆಯ ಮೇಲೆ ಬೆವರು ಕೂತಿತ್ತು. ಮುಗಿದ ಮೇಲೆ, "ಹಗುರ ಆತು ನೋಡಬೇ" ಎಂದ. ಅವ್ವ ಅಜ್ಜಿಗೆ ರವಿಕೆ ಕಣ ಕೊಟ್ಟು ಉಡಿ ತುಂಬಿದಳು. ಇನ್ನೆರಡು ದಿನ ಬಿಟ್ಟು ಬಂದು ಹೊಟ್ಟೆಯ ಮೇಲೆ ತಂಬಿಗೆ ಹಾಕುತ್ತೇನೆ, ಅಲ್ಲಿಯವರೆಗೆ ಭಾರ ಎತ್ತಬೇಡ ಎಂದು ಹೇಳಿ ಅಜ್ಜಿ ಹೋದಳು. ಅಪ್ಪ ಕಾರ್ಖಾನೆಗೆ ರಜೆ ಹಾಕಿದ.

ತಂಬಿಗೆ ಹಾಕುವ ಬೆಳಿಗ್ಗೆ ನಾನು ಮನೆಯಲ್ಲಿ ಇರಲಿಲ್ಲ. ನನ್ನ ಬೆರಳು ಕೀವಾಗಿ, ತಡೆಯಲಾರದ ಸಿಡಿತ ಶುರುವಾಗಿತ್ತು. ಮತ್ತಿಕೆರೆಯ ಬಸ್ ಸ್ಟಾಪಿನ ಹತ್ತಿರ ಒಬ್ಬ ವಯಸ್ಸಾದ ಡಾಕ್ಟರ ಕ್ಲಿನಿಕ್ ಇತ್ತು. ಅವರು ಉಗುರಿನ ಬದಿಯನ್ನು ಕೊಯ್ದು ಕೀವು ತೆಗೆಯುವಾಗ ನನ್ನ ಗಮನ ಬೇರೆ ಕಡೆ ಎಳೆಯಲು ಮಾತಾಡಿಸುತ್ತಿದ್ದರು. ಏನು ಓದ್ತೀಯಮ್ಮಾ, ಅಪ್ಪ ಏನ್ ಮಾಡ್ತಾರೆ, ಹೀಗೆ. ನಾನೂ ನೋವು ಮರೆಯಲು ಏನೇನೋ ಹೇಳುತ್ತಿದ್ದೆ. ಕ್ರಿಯಾಪದದ ಕಾನೂನು ಹೇಳಿದೆ, ಅವರು ನಕ್ಕರು. ಅಪ್ಪನ ಪೇಪರ್ ಕುಣಿದ ಕಥೆ ಹೇಳಿದೆ. ಅವರೂ ನಗಲಿ ಎಂದೇ ಹೇಳಿದ್ದು.

ಅವರು ನಗಲಿಲ್ಲ. ಬ್ಯಾಂಡೇಜು ಸುತ್ತುತ್ತಿದ್ದ ಕೈ ನಿಂತಿತು.

"ಉಸಿರು ಹಿಡಿದಾಗ್ಲೂ ಕುಣೀತಿತ್ತಾ?"

"ಹೂಂ."

"ಸಣ್ಣಗಿರೋರಿಗೆ ಸ್ವಲ್ಪ ಕಾಣುತ್ತೆ. ಅವರು ಸಣ್ಣಗಿದ್ದಾರಾ?"

"ಇಲ್ಲ, ಮೈಕೈ ತುಂಬಿಕೊಂಡೇ ಇದ್ದಾರೆ."

"ಕೈಯಿಟ್ಟು ನೋಡಿದ್ಯಾ? ಗಡ್ಡೆ ಥರ ಇತ್ತಾ? ಬೀಡಿ ಸೇದ್ತಾರಾ? ಬೆನ್ನು ನೋವು ಅಂತಾರಾ?"

ಎಲ್ಲಕ್ಕೂ ಹೂಂ ಅಂದೆ. ಒಂದೊಂದು ಹೂಂಗೂ ಅವರ ಮುಖ ಇಳಿಯುತ್ತಾ ಹೋಯಿತು. ಏನು ಮದ್ದು ಮಾಡಿದಿರಿ ಎಂದು ಕೇಳಿದರು. ಬಟ್ಟಿ ತಿಕ್ಕಿಸಿದೆವು, ಇವತ್ತು ತಂಬಿಗೆ ಹಾಕುತ್ತಾರೆ ಎಂದೆ. ಅವರಿಗೆ ಬಟ್ಟಿ ಎಂದರೆ ಗೊತ್ತಿರಲಿಲ್ಲ. ನಾನು ವಿವರಿಸಿದೆ. ಆ ವಯಸ್ಸಾದ ಮನುಷ್ಯ ಕುರ್ಚಿಯಿಂದ ಎದ್ದ ವೇಗ ಇನ್ನೂ ನನ್ನ ಕಣ್ಣಲ್ಲಿದೆ.

"ನೋಡಮ್ಮಾ, ಅದು ಎದೆಯಿಂದ ಬರೋ ದೊಡ್ಡ ರಕ್ತನಾಳ ಇರ್ಬೇಕು. ಹಳೇ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಉಬ್ಬಿದೆ. ಒತ್ತಿದ್ರೆ ಒಡೆಯುತ್ತೆ. ಒಡೆದ್ರೆ ಯಾರ ಕೈಯಲ್ಲೂ ಆಗಲ್ಲ. ನೀನು ಓಡು, ಯಾರೂ ಮುಟ್ಟದ ಹಾಗೆ ನೋಡ್ಕೋ. ನಾನು ಪಕ್ಕದ ಮೆಡಿಕಲ್ ಶಾಪಿಂದ ಆಸ್ಪತ್ರೆಗೆ ಫೋನ್ ಮಾಡಿ ಕಾರು ತರ್ತೀನಿ."

ಅರ್ಧ ಸುತ್ತಿದ ಬ್ಯಾಂಡೇಜು ಜೋತಾಡುತ್ತಿತ್ತು. ಹಾಗೆಯೇ ಓಡಿದೆ. ಮತ್ತಿಕೆರೆಯ ಆ ರಸ್ತೆಯಲ್ಲಿ ವಯಸ್ಸಿಗೆ ಬಂದ ಹುಡುಗಿಯರು ಓಡುವುದನ್ನು ಯಾರೂ ಕಂಡಿರಲಿಲ್ಲ. ಕಾಲೇಜಿನ ಹುಡುಗರು ಏನೋ ಅಂದರು. ಚಪ್ಪಲಿಯ ಬಾರು ಕಿತ್ತಿತು, ಅಲ್ಲೇ ಬಿಟ್ಟೆ. ಸೈಕಲ್ ಟ್ಯೂಬಿನ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಅಜ್ಜಿಯ ಹೆಬ್ಬೆರಳೂ ಕಾಣುತ್ತಿತ್ತು. ಒತ್ತಿದ್ದಳು, ನಮ್ಮ ಕಣ್ಣೆದುರಿಗೇ ಮೊಣಕಾಲೂರಿ ಒತ್ತಿದ್ದಳು, ನಾವು ಅದಕ್ಕೆ ಉಡಿ ತುಂಬಿದ್ದೆವು.

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ತಡವಾಗಿತ್ತು.

ಅಪ್ಪ ಚಾಪೆಯ ಮೇಲೆ ಮಲಗಿದ್ದ. ಹೊಕ್ಕುಳದ ಮೇಲೆ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಂಬಿಗೆಯನ್ನು ಬೋರಲು ಹಾಕಿ ಆಗಿತ್ತು. ಒಳಗಿನ ಗಾಳಿ ಉರಿದುಹೋದ ಮೇಲೆ ತಂಬಿಗೆ ಹೊಟ್ಟೆಯ ಚರ್ಮವನ್ನು ಒಳಗೆ ಎಳೆದುಕೊಂಡು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಹಾಗೆ ಹಿಡಿದುಕೊಂಡು ಆ ತಂಬಿಗೆ ಅಪ್ಪನ ಹೊಟ್ಟೆಯ ಮೇಲೆ ಕುಣಿಯುತ್ತಿತ್ತು. ನಾವು ದಿನಾ ನೀರು ಕುಡಿಯುವ ತಂಬಿಗೆ. ಅದರ ಬುಡದ ಮೇಲೆ ಬಿದ್ದ ಬೆಳಕು ಹಿಂದೆ ಮುಂದೆ ಹಾರುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬದುಕಿನಲ್ಲಿ ಆಮೇಲೆ ಬೇಕಾದಷ್ಟು ಭಯ ಕಂಡಿದ್ದೇನೆ. ಆ ತಂಬಿಗೆಯಷ್ಟು ಯಾವುದೂ ನನ್ನನ್ನು ಹೆದರಿಸಿಲ್ಲ.

ಅಜ್ಜಿ ತಂಬಿಗೆಯ ಎರಡೂ ಬದಿ ಕೈ ಹಾಕಿದ್ದಳು. ಹಾಕಿದ ತಂಬಿಗೆಯನ್ನು ಕೊನೆಗೆ ಜೋರಾಗಿ ಎಳೆದು ಕೀಳುತ್ತಾರೆ. ಟಪ್ ಎಂದು ಸದ್ದಾಗಬೇಕು, ಆಗಲೇ ಬಟ್ಟಿ ಕೂತಿತು ಎಂದು ಲೆಕ್ಕ.

"ಎಳೀಬ್ಯಾಡ" ಎಂದು ಕಿರುಚಿದೆ. "ಅಜ್ಜಿ, ಕೈ ತಗಿ. ಎಳದ್ರ ಅಪ್ಪ ಸಾಯ್ತಾನ."

ಅಜ್ಜಿ ಕೈ ತೆಗೆದಳು. ಅವ್ವ ಗೋಡೆಗೆ ಒರಗಿ ನಿಂತಿದ್ದವಳು ನೆಲಕ್ಕೆ ಕುಸಿದಳು. ನಾನು ಅಪ್ಪನ ಪಕ್ಕ ಕೂತು, ತಂಬಿಗೆಯ ಅಂಚಿನಲ್ಲಿ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ತಗ್ಗಿಸಿದೆ. ನನ್ನ ಬೆರಳೂ ಬಡಿಯುತ್ತಿತ್ತು, ತಂಬಿಗೆಯೂ ಬಡಿಯುತ್ತಿತ್ತು. ಸುಯ್ ಎಂದು ಗಾಳಿ ಒಳಗೆ ಹೋಯಿತು. ತಂಬಿಗೆ ಸಡಿಲವಾಗಿ ಪಕ್ಕಕ್ಕೆ ಉರುಳಿತು. ಹೊಟ್ಟೆಯ ಮೇಲೆ ಕೆಂಪು ಉಂಗುರ ಉಳಿದಿತ್ತು, ಅದರ ನಡುವೆ ಅದು ಏಳುತ್ತಾ ಇಳಿಯುತ್ತಾ ಇತ್ತು.

ಅಪ್ಪ ನನ್ನ ಮುಖ ನೋಡಿದ. ಏನಾಯಿತು, ಯಾಕೆ ಕಿರುಚಿದೆ ಎಂದು ಕೇಳಲಿಲ್ಲ. "ಯಾರು ಹೇಳಿದ್ರು ನಿನಗ?" ಎಂದಷ್ಟೇ ಕೇಳಿದ. ಆ ಗಡಿಬಿಡಿಯಲ್ಲಿ ಆ ಪ್ರಶ್ನೆ ವಿಚಿತ್ರ ಎಂದು ನನಗೆ ಹೊಳೆಯಲಿಲ್ಲ.

ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿದೆವು. ಅವ್ವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಮುಂದೆ ಕೂತೆ. ಊರೊಳಗಿನ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಪ್ರತಿ ಹಳ್ಳಕ್ಕೂ ಡಾಕ್ಟರು ಬ್ರೇಕು ಹಾಕಿ, ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸಿದರು. ಗೌರ್ಮೆಂಟಿನವರು ರಸ್ತೆ ಅಗೆದ ಜಾಗಗಳಿಗೆಲ್ಲ ನಾನು ಮನಸ್ಸಿನಲ್ಲೇ ಶಾಪ ಹಾಕಿದೆ.

ಆಸ್ಪತ್ರೆಯಲ್ಲಿ ಸರ್ಜನ್ ಬಂದರು. ಎತ್ತರದ ಮನುಷ್ಯ, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದರು. ಅಪ್ಪನ ಹೊಟ್ಟೆಯ ಮೇಲಿನ ಕೆಂಪು ಉಂಗುರ ನೋಡಿದರು. ಆಮೇಲೆ ಮುಖ ನೋಡಿದರು. ಕನ್ನಡಕ ಇಳಿಸಿ ಮತ್ತೊಮ್ಮೆ ನೋಡಿದರು.

"ನೀವು ಸಂಕ್ರಾಂತಿ ಹೊತ್ತಿಗೆ ಬಂದಿದ್ರಲ್ಲ? ಫ್ಯಾಕ್ಟರಿ ಡಾಕ್ಟ್ರು ಕಳಿಸಿದ್ರು. ಮನೆಯವರನ್ನ ಕರ್ಕೊಂಡ್ ಬನ್ನಿ, ಆಪರೇಷನ್ ಮಾಡ್ಬೇಕು ಅಂದಿದ್ದೆ. ಆಮೇಲೆ ಎಲ್ಲಿ ಹೋದ್ರಿ?"

ನಾವು ಈಗ ಬಂದದ್ದು ಮುಂಗಾರು ಇನ್ನೇನು ಶುರುವಾಗಬೇಕು ಅನ್ನುವ ದಿನಗಳಲ್ಲಿ. ನಾನು ಅಪ್ಪನ ಕಡೆ ತಿರುಗಿದೆ. ಅವನು ಛಾವಣಿ ನೋಡುತ್ತಿದ್ದ. ಎಷ್ಟು ಸಂಜೆಗಳು, ಎಷ್ಟು ಕ್ರಿಯಾಪದಗಳು. ಅಷ್ಟೂ ದಿನ ಇವನಿಗೆ ಗೊತ್ತಿತ್ತು. ಅಜ್ಜಿ ಮೊಣಕಾಲೂರಿ ಒತ್ತುವಾಗ ಗೊತ್ತಿತ್ತು. ತಂಬಿಗೆ ಕಚ್ಚಿದಾಗ ಗೊತ್ತಿತ್ತು. ಸಾವು ಎಲ್ಲಿ ಕೂತಿದೆ ಎಂದು ತಿಳಿದೂ ಅದರ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಈ ಮನುಷ್ಯ. ನನಗೆ ಅಳು ಬರಲಿಲ್ಲ, ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸಿತು. ಅವನನ್ನು ಅಲ್ಲಾಡಿಸುವ ಹಾಗಿರಲಿಲ್ಲ.

ಅವ್ವ ಸೆರಗನ್ನು ಹೊದ್ದುಕೊಂಡು ವಾರ್ಡಿನ ಕಿಟಕಿಯ ಹತ್ತಿರ ಹೋಗಿ ನಿಂತಳು.

ಆಪರೇಷನ್ನಿಗೆ ಸಿದ್ಧತೆ ನಡೆಯಿತು. ರಕ್ತ ಹೊಂದಿಸಬೇಕಿತ್ತು. ಕಾರ್ಖಾನೆಯ ಗೆಳೆಯರು ಬಂದು ಕೊಟ್ಟರು. ಉಬ್ಬಿದ ಕಡೆ ಸೀಳಿ, ನೂಲಿನಿಂದ ನೇಯ್ದ ಕೊಳವೆಯೊಂದನ್ನು ಒಳಗೆ ಕೂರಿಸಿ ಹೊಲಿಯುತ್ತಾರಂತೆ. ಉಳಿದರೂ ಉಳಿಯಬಹುದು, ಮೇಜಿನ ಮೇಲೆ ಹೋದರೂ ಹೋಗಬಹುದು ಎಂದು ಸರ್ಜನ್ ಮುಚ್ಚಿಡದೆ ಹೇಳಿದರು. ಆ ದಿನಗಳಲ್ಲಿ ಅವ್ವ ಅಪ್ಪನಿಗೆ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು, ಚಾದರ ಸರಿಮಾಡಿದಳು. ಮಾತು ಮಾತ್ರ ಇಲ್ಲ. ನರ್ಸುಗಳ ಜೊತೆ ಮಾತಾಡುತ್ತಿದ್ದಳು, ಪಕ್ಕದ ಮಂಚದವರ ಜೊತೆ ಮಾತಾಡುತ್ತಿದ್ದಳು. ಅಪ್ಪ ಕರೆದರೆ ಕೇಳಿಸದವಳ ಹಾಗೆ ಇರುತ್ತಿದ್ದಳು.

ಅವಳು ಬಿಸಿನೀರು ತರಲು ಹೋದಾಗ ಅಪ್ಪನನ್ನು ಕೇಳಿಯೇಬಿಟ್ಟೆ. "ಯಾಕ ಹೇಳಲಿಲ್ಲ?"

"ಕೊಯ್ಯೂದು ಅಂದ್ರ ಕೈಕಾಲು ತಣ್ಣಗಾದ್ವು. ನಿನ್ನ ಪರೀಕ್ಷೆ ಮುಗೀಲಿ ಅಂದ್ಕೊಂಡೆ. ಒಂದೊಂದು ಸಲ ಹೇಳಬೇಕಂತ ಬಾಯಿ ತಗದೆ. ಬರಲಿಲ್ಲ."

"ಅಜ್ಜಿ ಕೈಯಾಗ ಯಾಕ ಒತ್ತಿಸ್ಕೊಂಡಿ?"

"ಡಾಕ್ಟರ ಹೇಳಿದ್ದು ಸುಳ್ಳಾಗಿ, ನಿಮ್ಮವ್ವ ಹೇಳಿದ್ದು ಖರೇ ಆಗ್ಲಿ ಅನಸ್ತು" ಅಂದ. ಆಮೇಲೆ ಸಣ್ಣ ದನಿಯಲ್ಲಿ, "ನಾ ಹೇಳದ ಸುಮ್ಮನ ಏನ್ ಇರಲಿಲ್ಲ. ಆ ಥ್ರಾಬ್ ಶಬ್ದ ಭಾಳ ದಿನದಿಂದ ಹುಡುಕಿ ಇಟ್ಕೊಂಡಿದ್ದೆ. ನಿನ್ನ ಬೆರಳು ನೆಪ ಆತು. ಇಂಗ್ಲೀಷಿನ್ಯಾಗ ಅಂದ್ರ ಹೇಳಾಕ ಬಂತು" ಅಂದ.

ಹಿಂದೆ ಏನೋ ಸದ್ದಾಯಿತು. ಅವ್ವ ಫ್ಲಾಸ್ಕು ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಗೊತ್ತಿಲ್ಲ. ಫ್ಲಾಸ್ಕನ್ನು ಸ್ಟೂಲಿನ ಮೇಲಿಟ್ಟು ಮತ್ತೆ ಕಿಟಕಿಯ ಹತ್ತಿರ ಹೋದಳು.

ಆಪರೇಷನ್ನಿನ ದಿನ ಬೆಳಿಗ್ಗೆ ಅಪ್ಪನಿಗೆ ಹಸಿರು ಬಟ್ಟೆ ಹಾಕಿ ಮಲಗಿಸಿದ್ದರು. ಕರೆದುಕೊಂಡು ಹೋಗುವವರು ಇನ್ನೂ ಬಂದಿರಲಿಲ್ಲ. ಅವ್ವ ಬಂದು ಅವನ ಮಂಚದ ಅಂಚಿನಲ್ಲಿ ಕೂತಳು. ಆಸ್ಪತ್ರೆಗೆ ಬಂದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು.

"ಆ ದಿನ ಇಂಗ್ಲೀಷಿನ್ಯಾಗ ಮಗಳಿಗೆ ಏನ್ ಹೇಳಿದ್ರಿ, ಅದನ್ನ ಈಗ ನನಗ ಹೇಳ್ರಿ. ಕನ್ನಡದಾಗ."

ಅಪ್ಪ ನನ್ನ ಕಡೆ ನೋಡಿದ. ನಾನು ಸಹಾಯ ಮಾಡಲಿಲ್ಲ. ಅವನಿಗೆ ಎಷ್ಟು ಶಬ್ದ ಗೊತ್ತಿತ್ತು. ಎರಡು ಭಾಷೆಯ ನಿಘಂಟು ತಲೆಯಲ್ಲಿ ಇಟ್ಟುಕೊಂಡ ಮನುಷ್ಯ, ಒಂದು ವಾಕ್ಯ ಕಟ್ಟಲು ತಡವರಿಸಿದ.

"ಹೊಟ್ಟ್ಯಾಗಿನ ರಕ್ತದ ನಾಳ ಉಬ್ಬೈತಿ" ಅಂದ. "ಒಡದ್ರ ನಾ ಉಳಿಯೂದಿಲ್ಲ. ನನಗ ಅಂಜಿಕಿ ಬಂದೈತಿ."

ಅಪ್ಪನ ಬಾಯಿಂದ ಅಂಜಿಕೆ ಎನ್ನುವ ಮಾತನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಅವ್ವ ತಲೆ ಆಡಿಸಿದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆ.

"ನನಗ ಗೊತ್ತಿತ್ತು."

ಅಪ್ಪ ಅವಳನ್ನು ನೋಡಿದ.

"ದೀಪಾವಳಿ ಮುಂದ ಕೈಗೆ ಹತ್ತಿತು. ನಿಮ್ಮ ಹೊಟ್ಟಿ ಮ್ಯಾಲೆ ಕೈ ಇಟ್ಟು ಮಲಗಾಕಿ ನಾನಲ್ಲೇನು? ಒಳಗಿಂದ ಯಾರೋ ಬಾಗಲಾ ಬಡದಂಗ ಆಕ್ಕಿತ್ತು. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಕೇಳಾಕ ನನಗೂ ಬಾಯಿ ಬರಲಿಲ್ಲ. ಬಟ್ಟಿನ ಆಗಿರ್ಲಿ ಅಂತ ದೇವರಿಗೆ ಕೈ ಮುಗದು ಕುಂತೆ." ಆಮೇಲೆ, "ಸ್ಟಮಕ್ ಅಂದ್ರ ಹೊಟ್ಟಿ ಅಂತ ನನಗೂ ತಿಳೀತೈತ್ರಿ" ಅಂದಳು.

ಆಗ ನನಗೆ ಆ ಸಂಜೆಯ ರೊಟ್ಟಿಯ ಸದ್ದು ನೆನಪಾಯಿತು. ಅದು ನಿಂತದ್ದು ನನ್ನ ಕೂಗಿಗೆ ಅಲ್ಲ. ಅಪ್ಪನ ವಾಕ್ಯದ ಕೊನೆಯ ಶಬ್ದಕ್ಕೆ. ಅವಳು ನೋಡಲು ಬರದೆ ಪರದೆಯ ಆಚೆಯಿಂದಲೇ ಬಟ್ಟಿ ಅಂದದ್ದೂ ನೆನಪಾಯಿತು. ನೋಡುವ ಅಗತ್ಯ ಅವಳಿಗೆ ಇರಲಿಲ್ಲ. ಒಂದೇ ಹಾಸಿಗೆಯಲ್ಲಿ, ಒಂದೇ ಭಯದ ಎರಡು ಬದಿಗೆ, ಇವರಿಬ್ಬರೂ ಚಳಿಗಾಲ ಬೇಸಿಗೆ ಎರಡನ್ನೂ ಕಳೆದಿದ್ದರು. ನಾನು ಪಕ್ಕದಲ್ಲೇ ಇದ್ದು ಶಬ್ದಗಳನ್ನು ಕಲಿಯುತ್ತಿದ್ದೆ. ಸರ್ಜನ್ ಮಾತು ಕೇಳಿದಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ಇದು.

ತಳ್ಳುಗಾಡಿ ಬಂತು. ಅಪ್ಪ ಅವ್ವನ ಕೈ ಹಿಡಿದ, ನನ್ನ ಎದುರಿಗೇ. ಬಾಗಿಲವರೆಗೆ ಬಿಡಲಿಲ್ಲ.

ಹೊತ್ತು ಇಳಿದ ಮೇಲೆ ಸರ್ಜನ್ ಹೊರಗೆ ಬಂದು, ಉಳಿದುಕೊಂಡಿದ್ದಾರೆ ಎಂದರು. ಅವ್ವ ಅವರಿಗೆ ಕೈ ಮುಗಿದು, ಕೂತಲ್ಲೇ ಅತ್ತಳು.

ಮನೆಗೆ ಬಂದ ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ್ದ, ಪೇಪರ್ ಪಕ್ಕದಲ್ಲಿತ್ತು. ಪರದೆಯ ಆಚೆ ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಆ ಪರದೆ ದಾಟಿ ಅವಳು ನಮ್ಮ ಕಚೇರಿಗೆ ಬಂದದ್ದು ಅದೇ ಮೊದಲು. ಪೇಪರನ್ನು ತೆಗೆದು ತಾನೇ ಅವನ ಹೊಟ್ಟೆಯ ಮೇಲೆ ಇಟ್ಟಳು. ಮೂವರೂ ನೋಡಿದೆವು. ಪೇಪರ್ ಅಪ್ಪನ ಉಸಿರಿಗೆ ಏಳುತ್ತಿತ್ತು, ಉಸಿರಿಗೆ ಇಳಿಯುತ್ತಿತ್ತು. "ಉಸಿರು ಹಿಡೀರಿ" ಅಂದಳು. ಅಪ್ಪ ಹಿಡಿದ. ಪೇಪರ್ ಅಲ್ಲಾಡಲಿಲ್ಲ. ಅವಳು ಇನ್ನೂ ನಂಬದೆ, ಪೇಪರ್ ಸರಿಸಿ ಹಿಟ್ಟಿನ ಅಂಗೈಯನ್ನು ಅಲ್ಲಿ ಇಟ್ಟಳು.

"ಇನ್ನ ಉಸಿರು ಬಿಡ್ರಿ" ಅಂದಳು. ಕೈ ಮಾತ್ರ ತೆಗೆಯಲಿಲ್ಲ.